ಸಂದರ್ಶನದ ಇಂಗ್ಲಿಷ್: ಮನೆಯಲ್ಲೇ ಕಲಿಯಬಹುದಾದ ಒಂದು ಪಾಠ



ವಿದ್ಯಾರ್ಥಿವೇತನದ ಹಣ ಕಾಲೇಜಿನ ಶುಲ್ಕ, ಪುಸ್ತಕ, ಬಸ್ ಪಾಸಿನವರೆಗೆ ಮಗುವನ್ನು ಕೊಂಡೊಯ್ಯುತ್ತದೆ. ಆದರೆ ಓದು ಮುಗಿದ ಮೇಲೆ ಮನೆಗೆ ಸಂಬಳ ಬರಬೇಕಾದರೆ ಇನ್ನೊಂದು ಬಾಗಿಲು ದಾಟಬೇಕು. ಅದು ಕೆಲಸದ ಸಂದರ್ಶನ. ಅಲ್ಲಿ ಹತ್ತು ಹದಿನೈದು ನಿಮಿಷದ ಮಾತು, ಅದೂ ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ. ಹದಿನೈದು ವರ್ಷ ಓದಿದ ಮಗು ಆ ಹದಿನೈದು ನಿಮಿಷದಲ್ಲಿ ಬಾಯಿ ಬಿಡಲಾಗದೆ ಹಿಂದಿರುಗಿದರೆ ನಷ್ಟ ಮಗುವಿನದು ಮಾತ್ರವಲ್ಲ, ಆ ಓದಿಗೆ ಹಣ ಕೊಟ್ಟವರದೂ ಹೌದು. ಆದ್ದರಿಂದ ಈ ಸಲದ ವರದಿಯಲ್ಲಿ ಲೆಕ್ಕಪತ್ರದ ಜೊತೆಗೆ ನಮ್ಮ ಭಾನುವಾರದ ತರಗತಿಯ ಒಂದು ಪಾಠವನ್ನೂ ಕೊಡುತ್ತಿದ್ದೇವೆ. ತರಗತಿಗೆ ಬರಲಾಗದವರು ಇದನ್ನು ಮನೆಯಲ್ಲಿಟ್ಟುಕೊಂಡು ಅಭ್ಯಾಸ ಮಾಡಬಹುದು.

ಇಂಗ್ಲಿಷ್ ವಾಕ್ಯಗಳನ್ನು ಬೇಕೆಂದೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಮನೆಯಲ್ಲಿ ಉಮ್ಮನೋ ಅಕ್ಕನೋ ಈ ಪುಟ ಹಿಡಿದು ಪ್ರಶ್ನೆ ಕೇಳುವಂತಿರಬೇಕು ಎಂಬುದು ನಮ್ಮ ಆಸೆ.

ಓದಿದ ಇಂಗ್ಲಿಷ್, ಆಡುವ ಇಂಗ್ಲಿಷ್

ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೊಸತೇನೂ ಅಲ್ಲ. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ 1ನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಕನ್ನಡ ಮಾಧ್ಯಮದವರು ಎಸ್‌ಎಸ್‌ಎಲ್‌ಸಿಯಲ್ಲಿ ಅದನ್ನು ದ್ವಿತೀಯ ಭಾಷೆಯಾಗಿ 100 ಅಂಕಕ್ಕೆ ಬರೆದಿರುತ್ತಾರೆ. ಆದರೆ ಆ ಅಂಕಗಳೆಲ್ಲ ಬಹುಮಟ್ಟಿಗೆ ಬರವಣಿಗೆಯವು. ಪದ್ಯದ ಸಾರಾಂಶ ಬರೆಯಬಲ್ಲ ಹುಡುಗಿ ‘ಯಾವಾಗಿನಿಂದ ಕೆಲಸಕ್ಕೆ ಬರುತ್ತೀರಿ?’ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸಲು ತಡವರಿಸುತ್ತಾಳೆ. ಅವಳಿಗೆ ಪದಗಳು ಗೊತ್ತಿವೆ. ಬಾಯಿಗೆ ಬಂದು ಅಭ್ಯಾಸವಿಲ್ಲ.

ನಮ್ಮ ಬಿ.ಎಡ್. ಕಾಲದ ಶಿಕ್ಷಕರಿಗೆ ಎರಡು ಸಂಗತಿಗಳು ನೆನಪಿರಬಹುದು. ಢಾಕಾದಲ್ಲಿ ಬಹುಕಾಲ ಶಿಕ್ಷಕರ ತರಬೇತಿ ನಡೆಸಿದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಇಂಗ್ಲಿಷಿನ ಅತಿ ಬಳಕೆಯ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ದಿನಬಳಕೆಯ ಮಾತಿನ ಬಹುಪಾಲು ಅಷ್ಟರಲ್ಲೇ ನಡೆಯುತ್ತದೆ ಎಂಬುದು ಆ ಪಟ್ಟಿಯ ಹಿಂದಿನ ತಿಳಿವಳಿಕೆ. ಎರಡನೆಯದು ನಮ್ಮ ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧವಾದ ಪ್ರಯೋಗ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳಂತಹವನ್ನು ಮಕ್ಕಳ ಮುಂದಿಟ್ಟು, ಅವುಗಳ ಬಗ್ಗೆ ಪ್ರಶ್ನೆ ಕೇಳಿ ಇಂಗ್ಲಿಷ್ ಕಲಿಸಲು ನೋಡಿದರು. ಮನಸ್ಸು ಅರ್ಥದ ಕಡೆ ಇದ್ದಾಗ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬುದು ಅದರ ತತ್ವ.

ನಾವು ತರಗತಿಯಲ್ಲಿ ಈ ಎರಡನ್ನೂ ಹಿಡಿದುಕೊಂಡಿದ್ದೇವೆ. ಪದಗಳು ಕಡಿಮೆ ಸಾಕು. ಮಾತು ಮಾತ್ರ ನಿಜವಾದ ವಿಷಯದ ಮೇಲೆ ನಡೆಯಬೇಕು. ಸಂದರ್ಶನದಲ್ಲಿ ಆ ನಿಜವಾದ ವಿಷಯ ಎಂದರೆ ನೀವೇ, ನಿಮ್ಮ ಕೆಲಸವೇ.

1. ಒಳಗೆ ಹೋಗುವುದು, ಕುಳಿತುಕೊಳ್ಳುವುದು

ಬಾಗಿಲಲ್ಲಿ ನಿಂತು ‘ಮೇ ಐ ಕಮ್ ಇನ್, ಸರ್?’ ಎನ್ನಿ. ಮೇಡಂ ಇದ್ದರೆ ಮೇಡಂ ಎನ್ನಿ. ಒಳಗೆ ಬಂದು ‘ಗುಡ್ ಮಾರ್ನಿಂಗ್’. ಮಧ್ಯಾಹ್ನ 12 ದಾಟಿದ್ದರೆ ‘ಗುಡ್ ಆಫ್ಟರ್‌ನೂನ್’. ‘ಗುಡ್ ನೈಟ್’ ಎಂಬುದು ಹೊರಡುವಾಗ ಹೇಳುವ ಮಾತು. ಸಂಜೆ ಹೋದರೆ ‘ಗುಡ್ ಈವ್ನಿಂಗ್’. ಕೆಲವು ಮಕ್ಕಳು ‘ಸಲಾಂ ಹೇಳಬಹುದೇ?’ ಎಂದು ಕೇಳುತ್ತಾರೆ. ಎದುರಿನವರೇ ಸಲಾಂ ಹೇಳಿದರೆ ಸಂತೋಷದಿಂದ ಪ್ರತಿ ಹೇಳಿ. ಇಲ್ಲವಾದರೆ ಕಚೇರಿಯಲ್ಲಿ ಎಲ್ಲರೂ ಬಳಸುವ ಮಾತು ಸಾಕು. ‘ಪ್ಲೀಸ್ ಸಿಟ್ ಡೌನ್’ ಅಥವಾ ‘ಹ್ಯಾವ್ ಅ ಸೀಟ್’ ಎಂದಾಗ ‘ಥ್ಯಾಂಕ್ ಯು’ ಎಂದು ಕುಳಿತುಕೊಳ್ಳಿ. ಇಷ್ಟರಲ್ಲಿ ಅರ್ಧ ನಡುಕ ಇಳಿದಿರುತ್ತದೆ.

2. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’

ಮೊದಲ ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಕಡೆ ಇದೇ. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ತಂದೆಯ ಹೆಸರು, ತಾಯಿಯ ಹೆಸರು, ಅಣ್ಣತಮ್ಮಂದಿರ ಸಂಖ್ಯೆ ಹೇಳತೊಡಗುವುದು ನಮ್ಮಲ್ಲಿ ವಾಡಿಕೆ. ಅವರಿಗೆ ಬೇಕಾದುದು ನಾಲ್ಕು ಸಂಗತಿ: ಯಾರು, ಏನು ಓದಿದ್ದೀರಿ, ಏನು ಮಾಡಬಲ್ಲಿರಿ, ಇಲ್ಲಿಗೆ ಯಾಕೆ ಬಂದಿರಿ. ಲೆಕ್ಕಪತ್ರದ ಕೆಲಸ ಕೇಳಿ ಹೋಗುವ ಬಿ.ಕಾಂ. ಹುಡುಗಿಯೊಬ್ಬಳ ಉತ್ತರ ಹೀಗಿರಬಹುದು. ಮೊದಲು ಹೆಸರು ಹೇಳಿ, ಆಮೇಲೆ:

‘ಐ ಆ್ಯಮ್ ಫ್ರಮ್ ಬಂಟ್ವಾಳ. ಐ ಕಂಪ್ಲೀಟೆಡ್ ಮೈ ಬಿ.ಕಾಂ. ದಿಸ್ ಇಯರ್. ಐ ಕ್ಯಾನ್ ಯೂಸ್ ಟ್ಯಾಲಿ ಆ್ಯಂಡ್ ಎಕ್ಸೆಲ್. ಫಾರ್ ಸಿಕ್ಸ್ ಮಂತ್ಸ್, ಐ ಕೆಪ್ಟ್ ದಿ ಅಕೌಂಟ್ಸ್ ಆಫ್ ಮೈ ಅಂಕಲ್ಸ್ ಶಾಪ್. ಐ ವಾಂಟ್ ಟು ಲರ್ನ್ ಹೌ ಅ ಬಿಗ್ ಆಫೀಸ್ ವರ್ಕ್ಸ್.’

ಅಂದರೆ: ಊರು ಬಂಟ್ವಾಳ, ಈ ವರ್ಷ ಬಿ.ಕಾಂ. ಮುಗಿಸಿದೆ, ಟ್ಯಾಲಿ ಮತ್ತು ಎಕ್ಸೆಲ್ ಬಳಸಬಲ್ಲೆ, ಆರು ತಿಂಗಳು ಮಾವನ ಅಂಗಡಿಯ ಲೆಕ್ಕ ಬರೆದೆ, ದೊಡ್ಡ ಕಚೇರಿಯ ಕೆಲಸ ಹೇಗೆ ನಡೆಯುತ್ತದೆಂದು ಕಲಿಯಬೇಕು. ಐದೂ ವಾಕ್ಯ ಚಿಕ್ಕವು. ಒಂದರಲ್ಲೂ ಕಷ್ಟದ ಪದವಿಲ್ಲ. ಪುಸ್ತಕದಂಗಡಿಯ ಗೈಡಿನಿಂದ ‘ಹಾರ್ಡ್‌ವರ್ಕಿಂಗ್, ಡೈನಾಮಿಕ್, ಸೆಲ್ಫ್ ಮೋಟಿವೇಟೆಡ್’ ಎಂದು ಬಾಯಿಪಾಠ ಮಾಡಿ ಹೋದರೆ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ‘ಡೈನಾಮಿಕ್ ಎಂದಿರಲ್ಲ, ಒಂದು ಉದಾಹರಣೆ ಕೊಡಿ’ ಎಂದರೆ ಏನು ಹೇಳುವುದು? ಮಾವನ ಅಂಗಡಿಯ ಬಗ್ಗೆ ಎಷ್ಟು ಕೇಳಿದರೂ ಹೇಳಲು ವಿಷಯವಿದೆ.

ನಮ್ಮ ಮಕ್ಕಳು ಮನೆಯಂಗಡಿಯ, ಕ್ಯಾಟರಿಂಗಿನ, ಮೀನಿನ ವ್ಯಾಪಾರದ, ಟೈಲರಿಂಗಿನ ಕೆಲಸವನ್ನು ‘ಅನುಭವ’ ಎಂದು ಎಣಿಸುವುದೇ ಇಲ್ಲ. ಎಣಿಸಬೇಕು. ಅದಕ್ಕೆ ಬೇಕಾದ ಕೆಲಸದ ಪದಗಳು ಇವು: ಚೆಕ್, ಕೌಂಟ್, ಪ್ಯಾಕ್, ಡೆಲಿವರ್, ಕಲೆಕ್ಟ್, ರಿಪೇರ್, ಫಿಟ್, ಮೆಷರ್, ಸ್ಟಿಚ್, ಅರೇಂಜ್, ಸರ್ವ್, ಬಿಲ್ ಮಾಡುವುದಕ್ಕೆ ‘ಪ್ರಿಪೇರ್ ಬಿಲ್ಸ್’, ಗಿರಾಕಿಗಳೊಡನೆ ವ್ಯವಹರಿಸುವುದಕ್ಕೆ ‘ಟಾಕ್ ಟು ಕಸ್ಟಮರ್ಸ್’. ಮುಗಿದ ಕೆಲಸವಾದರೆ ಭೂತಕಾಲದಲ್ಲಿ ಹೇಳಿ: ‘ಐ ಕೌಂಟೆಡ್ ದಿ ಸ್ಟಾಕ್’, ‘ಐ ಡೆಲಿವರ್ಡ್ ಆರ್ಡರ್ಸ್’, ‘ಐ ಪ್ರಿಪೇರ್ಡ್ ಬಿಲ್ಸ್’.

ಒಂದು ಪದವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ತರಗತಿಗೆ ಬರುತ್ತಿದ್ದ ಐಟಿಐ ಹುಡುಗನೊಬ್ಬನನ್ನು ಸಂದರ್ಶನವೊಂದರಲ್ಲಿ ‘ವಾಟ್ ವಾಸ್ ಯುವರ್ ರೋಲ್?’ ಎಂದು ಕೇಳಿದರು. ಅವನು ತಡಮಾಡದೆ ಪರೀಕ್ಷೆಯ ರೋಲ್ ನಂಬರ್ ಹೇಳಿದ! ಅವನ ತಪ್ಪೇನಿಲ್ಲ. ಆ ಉಚ್ಚಾರದಲ್ಲಿ ಅವನು ಜೀವಮಾನವಿಡೀ ಕೇಳಿದ್ದು ಹಾಜರಿ ಪುಸ್ತಕದ ರೋಲನ್ನೇ. ಸಂದರ್ಶನದ ‘ರೋಲ್’ ಎಂದರೆ ಅಲ್ಲಿ ನಿಮ್ಮ ಪಾಲಿಗೆ ಇದ್ದ ಕೆಲಸ, ಜವಾಬ್ದಾರಿ. ವೈರಿಂಗ್ ಕೆಲಸದಲ್ಲಿ ಅವನ ಕೈ ಬಹಳ ಚೆನ್ನಾಗಿತ್ತು. ‘ಐ ಡಿಡ್ ಹೌಸ್ ವೈರಿಂಗ್ ಆ್ಯಂಡ್ ಫಿಟೆಡ್ ಮೀಟರ್ ಬೋರ್ಡ್ಸ್’ ಎಂಬ ಒಂದು ವಾಕ್ಯ ಸಾಕಾಗಿತ್ತು.

3. ನಮ್ಮ ಮಕ್ಕಳ ಕೈಯಲ್ಲಿರುವ ಭಾಷೆಗಳು

‘ವಾಟ್ ಲ್ಯಾಂಗ್ವೇಜಸ್ ಡು ಯು ಸ್ಪೀಕ್?’ ಎಂದಾಗ ಮಕ್ಕಳು ‘ಕನ್ನಡ, ಸ್ವಲ್ಪ ಇಂಗ್ಲಿಷ್’ ಎಂದು ತಲೆ ತಗ್ಗಿಸುತ್ತಾರೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಟಿವಿ ನೋಡಿ ಹಿಂದಿ. ಬ್ಯಾರಿ ಬಲ್ಲವರಿಗೆ ಮಲಯಾಳವೂ ಬಹುಮಟ್ಟಿಗೆ ಅರ್ಥವಾಗುತ್ತದೆ. ಕೇರಳದಿಂದ ರೋಗಿಗಳು ಬರುವ ಮಂಗಳೂರಿನ ಆಸ್ಪತ್ರೆಗಳಲ್ಲಿ, ಮೆಡಿಕಲ್ ಶಾಪುಗಳಲ್ಲಿ, ಬಟ್ಟೆಯಂಗಡಿಗಳಲ್ಲಿ ಇಂಥವರು ಬೇಕೇ ಬೇಕು. ನೇರವಾಗಿ ಹೇಳಿ: ‘ಐ ಸ್ಪೀಕ್ ಬ್ಯಾರಿ, ಕನ್ನಡ, ತುಳು ಆ್ಯಂಡ್ ಹಿಂದಿ. ಐ ಅಂಡರ್‌ಸ್ಟ್ಯಾಂಡ್ ಮಲಯಾಳಂ. ಮೈ ಇಂಗ್ಲಿಷ್ ಈಸ್ ಇಂಪ್ರೂವಿಂಗ್.’ ಕೊನೆಯ ವಾಕ್ಯದ ಅರ್ಥ ‘ನನ್ನ ಇಂಗ್ಲಿಷ್ ಸುಧಾರಿಸುತ್ತಿದೆ’. ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎನ್ನುವುದಕ್ಕಿಂತ ಇದು ನಿಜಕ್ಕೂ ಹತ್ತಿರ, ಕೇಳುವವರಿಗೂ ಹಿತ.

4. ಹೌದು ಎಂದರೆ ಇಲ್ಲ, ಇಲ್ಲ ಎಂದರೆ ಹೌದು

ಈ ಪಾಠದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕನ್ನಡದಲ್ಲಿ ‘ನಿಮಗೆ ಅನುಭವ ಇಲ್ಲವೇ?’ ಎಂದು ಕೇಳಿದರೆ, ಇಲ್ಲದವರು ‘ಹೌದು, ಇಲ್ಲ’ ಎನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪುವುದು ನಮ್ಮ ಕ್ರಮ. ಇಂಗ್ಲಿಷಿನ ಕ್ರಮ ಬೇರೆ. ಪ್ರಶ್ನೆ ಹೇಗೇ ಇರಲಿ, ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’.

‘ಯು ಡೋಂಟ್ ಹ್ಯಾವ್ ಎನಿ ಎಕ್ಸ್‌ಪೀರಿಯನ್ಸ್?’
ಅನುಭವ ಇಲ್ಲದವರು: ‘ನೋ, ಐ ಡೋಂಟ್. ಬಟ್ ಐ ಲರ್ನ್ ಫಾಸ್ಟ್.’
ಇದ್ದವರು: ‘ಯೆಸ್, ಐ ಡು. ಐ ವರ್ಕ್ಡ್ ಇನ್ ಅ ಮೊಬೈಲ್ ಶಾಪ್.’

‘ಯು ಡೋಂಟ್ ಮೈಂಡ್ ನೈಟ್ ಶಿಫ್ಟ್?’ ಎಂಬುದು ಇನ್ನೂ ತೊಡಕು. ಅದರ ಅರ್ಥ ‘ರಾತ್ರಿ ಪಾಳಿಗೆ ನಿಮ್ಮ ತಕರಾರೇನೂ ಇಲ್ಲವಷ್ಟೇ?’ ತಕರಾರಿಲ್ಲದವರು ‘ನೋ, ಐ ಡೋಂಟ್ ಮೈಂಡ್’ ಎನ್ನಬೇಕು. ಗೊಂದಲವಾದರೆ ಯೆಸ್-ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ: ‘ಐ ಕ್ಯಾನ್ ವರ್ಕ್ ನೈಟ್ ಶಿಫ್ಟ್’ ಅಥವಾ ‘ಸಾರಿ, ಐ ಕ್ಯಾನ್ ವರ್ಕ್ ಓನ್ಲಿ ಇನ್ ದಿ ಡೇ’. ಪೂರ್ತಿ ವಾಕ್ಯ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

5. ಕನ್ನಡದ ದಾರಿಯಲ್ಲಿ ಬರುವ ಇನ್ನು ಕೆಲವು ತಪ್ಪುಗಳು

‘ಮೈಸೆಲ್ಫ್’ ಎಂದು ಹೆಸರು ಹೇಳುವುದು ನಮ್ಮ ಕಡೆ ಬೇರೂರಿದೆ. ‘ಐ ಆ್ಯಮ್’ ಅಥವಾ ‘ಮೈ ನೇಮ್ ಈಸ್’ ಸರಿ.

‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದರ ‘ಇಂದ’ ಪ್ರತ್ಯಯ ನಮ್ಮನ್ನು ‘ಐ ಆ್ಯಮ್ ವರ್ಕಿಂಗ್ ಫ್ರಮ್ ಟೂ ಇಯರ್ಸ್’ ಎಂಬಲ್ಲಿಗೆ ಒಯ್ಯುತ್ತದೆ. ಸರಿಯಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’. ಎಷ್ಟು ಕಾಲ ಎಂದು ಹೇಳುವಾಗ ‘ಫಾರ್’. ಯಾವಾಗಿನಿಂದ ಎಂದು ಹೇಳುವಾಗ ‘ಸಿನ್ಸ್’: ‘ಸಿನ್ಸ್ ಜೂನ್’, ‘ಸಿನ್ಸ್ 2022’.

‘ಐ ಆ್ಯಮ್ ಹ್ಯಾವಿಂಗ್ ಒನ್ ಇಯರ್ ಎಕ್ಸ್‌ಪೀರಿಯನ್ಸ್’ ಬೇಡ. ‘ಐ ಹ್ಯಾವ್ ಒನ್ ಇಯರ್ಸ್ ಎಕ್ಸ್‌ಪೀರಿಯನ್ಸ್’ ಸಾಕು. ಬಳಿಯಲ್ಲಿ ಇರುವುದಕ್ಕೆ ‘ಹ್ಯಾವ್’.

‘ಐ ಪಾಸ್ಡ್ ಔಟ್ ಇನ್ 2023’ ಎಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರ ಕಿವಿಗೆ ಮಾತ್ರ ‘2023ರಲ್ಲಿ ಮೂರ್ಛೆ ಹೋದೆ’ ಎಂದಂತೆ ಕೇಳಬಹುದು. ಗಲ್ಫಿನ ಕೆಲಸಕ್ಕೆ ಫೋನಿನಲ್ಲಿ ಸಂದರ್ಶನ ಕೊಡುವವರು ‘ಐ ಗ್ರ್ಯಾಜುಯೇಟೆಡ್’ ಅಥವಾ ‘ಐ ಫಿನಿಶ್ಡ್ ಮೈ ಡಿಪ್ಲೊಮಾ’ ಎನ್ನುವುದು ಕ್ಷೇಮ.

‘ಟುಡೇ ಮಾರ್ನಿಂಗ್’ ಬದಲು ‘ದಿಸ್ ಮಾರ್ನಿಂಗ್’. ‘ಡಿಸ್ಕಸ್ ಅಬೌಟ್’ ಬದಲು ಬರೀ ‘ಡಿಸ್ಕಸ್’. ಇವು ಸಣ್ಣವು. ಇಂಥ ಒಂದೆರಡು ತಪ್ಪಿಗೆ ಯಾರೂ ಕೆಲಸ ನಿರಾಕರಿಸುವುದಿಲ್ಲ. ತಪ್ಪಾದೀತೆಂದು ಬಾಯಿ ಮುಚ್ಚಿ ಕುಳಿತರೆ ಮಾತ್ರ ಏನೂ ಉಳಿಯುವುದಿಲ್ಲ.

ಉಚ್ಚಾರದ ಬಗ್ಗೆಯೂ ಎರಡು ಮಾತು. ಉರ್ದು ಮನೆಮಾತಿನ ಕೆಲವರು ‘ಇಸ್ಕೂಲ್’, ‘ಇಸ್ಟೇಷನ್’ ಎನ್ನುತ್ತಾರೆ. ಕನ್ನಡ ಮನೆಮಾತಿನವರು ಕೊನೆಗೆ ಉಕಾರ ಸೇರಿಸಿ ‘ಬಸ್ಸು’, ‘ಆಫೀಸು’ ಎನ್ನುತ್ತಾರೆ. ಇವೆರಡನ್ನೂ ಗಟ್ಟಿಯಾಗಿ ಓದಿ ತಿದ್ದಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ ಅಂಕಿಗಳು. ‘ಫಿಫ್ಟೀನ್’ ಎಂದರೆ 15, ‘ಫಿಫ್ಟಿ’ ಎಂದರೆ 50. ‘ಥರ್ಟೀನ್’ 13, ‘ಥರ್ಟಿ’ 30. ಕೊನೆಯ ‘ಈನ್’ ಅನ್ನು ಉದ್ದವಾಗಿ, ಒತ್ತಿ ಹೇಳಿ. ಸಂಬಳದ ಮಾತಿನಲ್ಲಿ ಸಂಶಯ ಬಂದರೆ ‘ಒನ್ ಫೈವ್, ಫಿಫ್ಟೀನ್?’ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

6. ಪ್ರಶ್ನೆ ಅರ್ಥವಾಗದಿದ್ದರೆ

ಅರ್ಥವಾಗದ ಪ್ರಶ್ನೆಗೆ ನಗುವುದು, ತಲೆಯಾಡಿಸುವುದು ನಮ್ಮ ಅಭ್ಯಾಸ. ತಲೆಯಾಡಿಸಿದ್ದಕ್ಕೆ ಅವರು ‘ಒಪ್ಪಿದರು’ ಎಂದು ಬರೆದುಕೊಂಡರೆ? ಈ ಮೂರು ವಾಕ್ಯಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಂತೆ ಕಲಿಯಿರಿ.

‘ಸಾರಿ, ಕುಡ್ ಯು ಪ್ಲೀಸ್ ರಿಪೀಟ್ ದಟ್?’ – ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?
‘ಕುಡ್ ಯು ಪ್ಲೀಸ್ ಸ್ಪೀಕ್ ಅ ಲಿಟಲ್ ಸ್ಲೋಲಿ?’ – ಸ್ವಲ್ಪ ನಿಧಾನವಾಗಿ ಹೇಳುತ್ತೀರಾ?
‘ಲೆಟ್ ಮಿ ಥಿಂಕ್ ಫಾರ್ ಅ ಮೊಮೆಂಟ್.’ – ಒಂದು ಕ್ಷಣ ಯೋಚಿಸುತ್ತೇನೆ.

ಉತ್ತರವೇ ಗೊತ್ತಿಲ್ಲದಿದ್ದರೆ ‘ಐ ಡೋಂಟ್ ನೋ ದಟ್ ಯೆಟ್, ಬಟ್ ಐ ಕ್ಯಾನ್ ಲರ್ನ್’ ಎನ್ನಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಕೆಲಸ ಸಿಕ್ಕರೂ ಮೊದಲ ವಾರದಲ್ಲೇ ಬಯಲಾಗುತ್ತದೆ.

7. ‘ವೈ ಈಸ್ ದೇರ್ ಅ ಗ್ಯಾಪ್?’

ವಿದ್ಯಾರ್ಥಿವೇತನ ಪಡೆದ ಮಕ್ಕಳನ್ನು ಬಹಳ ಕಾಡುವ ಪ್ರಶ್ನೆ ಇದು. ಪಿಯುಸಿ ಆದ ಮೇಲೆ ಎರಡು ವರ್ಷ ಖಾಲಿ ಏಕೆ? ಪದವಿ ಮೂರರ ಬದಲು ಐದು ವರ್ಷ ಹಿಡಿದದ್ದೇಕೆ? ಕಾಗದದ ಮೇಲೆ ಖಾಲಿ ಕಾಣುವ ಆ ವರ್ಷಗಳು ಖಾಲಿ ಇರಲಿಲ್ಲ ಎಂದು ನಮಗೆ ಗೊತ್ತು, ಅವರ ಅರ್ಜಿಗಳನ್ನು ಓದಿದವರು ನಾವು. ತಂದೆಗೆ ಡಯಾಲಿಸಿಸ್ ನಡೆಯುತ್ತಿತ್ತು. ಗಲ್ಫಿನಿಂದ ಕೆಲಸ ಕಳೆದುಕೊಂಡು ಮರಳಿದ್ದರು. ತಾಯಿಯೊಬ್ಬರೇ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದರು. ಮಗ ಹಣ್ಣಿನ ಗಾಡಿ ಹಿಡಿದ, ಮಗಳು ಟ್ಯೂಷನ್ ಹೇಳಿದಳು.

ಈ ಪ್ರಶ್ನೆ ಬಂದಾಗ ಮಕ್ಕಳು ಎರಡು ರೀತಿ ಮಾಡುತ್ತಾರೆ. ಕೆಲವರು ನಾಚಿಕೆಯಿಂದ ಸುಮ್ಮನಾಗುತ್ತಾರೆ. ಕೆಲವರು ಅಳು ತಡೆಯಲಾಗದೆ ಮನೆಯ ಕಷ್ಟವನ್ನೆಲ್ಲ ಹೇಳತೊಡಗುತ್ತಾರೆ. ಮೇಜಿನಾಚೆ ಕುಳಿತವರಿಗೆ ತಿಳಿಯಬೇಕಾದುದು ಇಷ್ಟೇ: ಆಗ ಏನಾಗಿತ್ತು, ನೀವು ಏನು ಮಾಡಿದಿರಿ, ಈಗ ಕೆಲಸಕ್ಕೆ ಬರಬಲ್ಲಿರಾ. ಮೂರು ಪ್ರಶ್ನೆಗೆ ಮೂರು ವಾಕ್ಯ:

‘ಮೈ ಫಾದರ್ ವಾಸ್ ಇಲ್. ಐ ವರ್ಕ್ಡ್ ಟು ಸಪೋರ್ಟ್ ಮೈ ಫ್ಯಾಮಿಲಿ. ದೆನ್ ಐ ವೆಂಟ್ ಬ್ಯಾಕ್ ಟು ಕಾಲೇಜ್ ಆ್ಯಂಡ್ ಫಿನಿಶ್ಡ್ ಮೈ ಡಿಗ್ರಿ.’

ತಂದೆಗೆ ಕಾಯಿಲೆಯಾಗಿತ್ತು. ಮನೆ ನಡೆಸಲು ದುಡಿದೆ. ಮತ್ತೆ ಕಾಲೇಜಿಗೆ ಹೋಗಿ ಪದವಿ ಮುಗಿಸಿದೆ. ಇದರಲ್ಲಿ ತಲೆ ತಗ್ಗಿಸುವಂಥದ್ದು ಏನಿದೆ? ಇಂಥ ಉತ್ತರ ಕೊಟ್ಟವರ ಕೈಯಲ್ಲಿ ಕೆಲಸ ನಂಬಿ ಬಿಡಬಹುದು ಎಂದು ಯಾರಿಗಾದರೂ ಅನಿಸಬೇಕು. ತಂದೆ ತೀರಿಕೊಂಡಿದ್ದರೆ ‘ಎಕ್ಸ್‌ಪೈರ್ಡ್’ ಎಂಬ ಪದ ಬಳಸಬೇಡಿ, ಅದು ಔಷಧಿಯ ಅವಧಿ ಮುಗಿದುದಕ್ಕೆ ಹೇಳುವ ಮಾತು. ‘ಮೈ ಫಾದರ್ ಪಾಸ್ಡ್ ಅವೇ’ ಎನ್ನಿ. ನಮ್ಮ ತರಗತಿಯಲ್ಲಿ ಈ ಒಂದು ವಾಕ್ಯವನ್ನು ಗಂಟಲು ಕಟ್ಟದೆ ಹೇಳಲು ಒಬ್ಬ ಹುಡುಗಿಗೆ ನಾಲ್ಕು ಭಾನುವಾರ ಬೇಕಾಯಿತು. ಮನೆಯಲ್ಲಿ ಹತ್ತು ಸಲ ಹೇಳಿದ್ದರೆ ಅಪರಿಚಿತರ ಮುಂದೆ ಹನ್ನೊಂದನೆಯ ಸಲ ಹೇಳುವುದು ಸುಲಭ.

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: ‘ವಾಟ್ ಇಫ್ ಯು ಗೆಟ್ ಮ್ಯಾರೀಡ್?’ ಮದುವೆಯಾದರೆ ಕೆಲಸ ಬಿಡುತ್ತೀರಾ ಎಂಬ ಸಂಶಯ ಅದರ ಹಿಂದಿದೆ. ಕೋಪಿಸಿಕೊಳ್ಳದೆ, ನಾಚದೆ, ‘ಐ ವಾಂಟ್ ಟು ಕಂಟಿನ್ಯೂ ವರ್ಕಿಂಗ್. ಮೈ ಫ್ಯಾಮಿಲಿ ಸಪೋರ್ಟ್ಸ್ ಮಿ’ ಎಂದರೆ ಸಾಕು. ಎರಡನೆಯ ವಾಕ್ಯ ನಿಜವಾಗಿರುವಂತೆ ನೋಡಿಕೊಳ್ಳುವುದು ತಂದೆತಾಯಂದಿರ ಕೆಲಸ.

8. ಸಂಬಳದ ಮಾತು

‘ವಾಟ್ ಈಸ್ ಯುವರ್ ಎಕ್ಸ್‌ಪೆಕ್ಟೆಡ್ ಸ್ಯಾಲರಿ?’ ಎಂದಾಗ ‘ನೀವು ಕೊಟ್ಟಷ್ಟು’ ಎನ್ನುವುದು ನಮ್ಮ ಸಂಕೋಚ. ಮೊದಲೇ ಅದೇ ಕೆಲಸದಲ್ಲಿರುವ ಇಬ್ಬರನ್ನು ವಿಚಾರಿಸಿ, ಒಂದು ಅಂಕಿ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ‘ಐ ಆ್ಯಮ್ ಎಕ್ಸ್‌ಪೆಕ್ಟಿಂಗ್ ಅರೌಂಡ್’ ಎಂದು ಹೇಳಿ ಆ ಅಂಕಿ ಸೇರಿಸಿ. ‘ಅರೌಂಡ್’ ಎಂದರೆ ಸುಮಾರು. ಚೌಕಾಸಿಗೆ ಜಾಗ ಉಳಿಯುತ್ತದೆ.

ಇಲ್ಲಿ ಒಂದು ಪದ ಅನೇಕ ಮನೆಗಳನ್ನು ಗೊಂದಲಕ್ಕೆ ಬೀಳಿಸಿದೆ. ಅದು ‘ಸಿಟಿಸಿ’, ಅಂದರೆ ‘ಕಾಸ್ಟ್ ಟು ಕಂಪನಿ’. ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು ಅದು, ಕೈಗೆ ಬರುವ ಹಣವಲ್ಲ. ಉದಾಹರಣೆಗೆ ವರ್ಷಕ್ಕೆ 2,40,000 ರೂಪಾಯಿ ಸಿಟಿಸಿ ಎನ್ನೋಣ. ತಿಂಗಳಿಗೆ 20,000 ಆಯಿತು. ಅದರಲ್ಲಿ ಮೂಲವೇತನ 12,000 ಇದ್ದರೆ, ಭವಿಷ್ಯ ನಿಧಿಗೆ ನಿಮ್ಮ ಪಾಲು ಶೇ. 12, ಅಂದರೆ 1,440. ಕಂಪನಿಯ ಪಾಲೂ ಅಷ್ಟೇ, ಅದನ್ನೂ ಸಾಮಾನ್ಯವಾಗಿ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಎರಡೂ ಸೇರಿ 2,880 ಕಳೆದರೆ ಉಳಿಯುವುದು 17,120. ಇಎಸ್‌ಐ ಮೊದಲಾದ ಕಡಿತಗಳಿದ್ದರೆ ಇನ್ನೂ ಕಡಿಮೆ. ಪಿಎಫ್ ಹಣ ಎಲ್ಲಿಗೂ ಹೋಗುವುದಿಲ್ಲ, ಅದು ನಿಮ್ಮ ಉಳಿತಾಯವೇ. ಆದರೆ ಮನೆ ಬಾಡಿಗೆಯ ಲೆಕ್ಕ ಹಾಕುವಾಗ 20,000 ಎಂದುಕೊಳ್ಳಬಾರದು. ಕೇಳಬೇಕಾದ ವಾಕ್ಯ: ‘ವಾಟ್ ವಿಲ್ ಬಿ ದಿ ಟೇಕ್ ಹೋಮ್ ಸ್ಯಾಲರಿ?’

ಇವುಗಳ ಜೊತೆ ಬರುವ ಪದಗಳು: ‘ಪ್ರೊಬೇಷನ್’ ಎಂದರೆ ಖಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ. ‘ನೋಟಿಸ್ ಪೀರಿಯಡ್’ ಎಂದರೆ ಕೆಲಸ ಬಿಡುವ ಮುನ್ನ ತಿಳಿಸಿ ದುಡಿಯಬೇಕಾದ ದಿನಗಳು. ‘ಬಾಂಡ್’ ಎಂದರೆ ಇಷ್ಟು ಕಾಲ ಬಿಡುವುದಿಲ್ಲ ಎಂಬ ಕರಾರು. ‘ರಿಲೊಕೇಟ್’ ಎಂದರೆ ಬೇರೆ ಊರಿಗೆ ಹೋಗಿ ನೆಲೆಸುವುದು. ‘ಫ್ರೆಶರ್’ ಎಂದರೆ ಹೊಸಬರು. ಬಾಂಡಿಗೆ ಸಹಿ ಹಾಕುವ ಮೊದಲು ‘ಮೇ ಐ ಟೇಕ್ ದಿಸ್ ಹೋಮ್ ಆ್ಯಂಡ್ ರೀಡ್ ಇಟ್?’ ಎಂದು ಕೇಳಿ, ಮನೆಗೆ ತಂದು ತಿಳಿದವರಿಗೆ ತೋರಿಸಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ ‘ಐ ಕ್ಯಾನ್ ಗಿವ್ ಕಾಪೀಸ್’ ಎನ್ನಿ. ‘ರಿಜಿಸ್ಟ್ರೇಷನ್ ಫೀ’, ‘ರಿಫಂಡಬಲ್ ಡಿಪಾಸಿಟ್’ ಎಂದು ಸಂದರ್ಶನಕ್ಕೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ವಿದೇಶದ ಕೆಲಸವಾದರೆ ಏಜೆಂಟರು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರೇ ಎಂದು ನೋಡಿದ ಮೇಲೆಯೇ ಮುಂದಿನ ಮಾತು.

ಕೊನೆಗೆ ‘ಡು ಯು ಹ್ಯಾವ್ ಎನಿ ಕ್ವೆಶ್ಚನ್ಸ್?’ ಎಂದು ಅವರೇ ಕೇಳುತ್ತಾರೆ. ‘ನೋ ಸರ್’ ಎಂದು ಓಡಿಬರಬೇಡಿ. ‘ವಾಟ್ ಆರ್ ದಿ ವರ್ಕಿಂಗ್ ಅವರ್ಸ್?’, ‘ವೆನ್ ವಿಲ್ ಐ ಹಿಯರ್ ಫ್ರಮ್ ಯು?’ ಇವೆರಡನ್ನು ಕೇಳಿ, ‘ಥ್ಯಾಂಕ್ ಯು ಫಾರ್ ಯುವರ್ ಟೈಮ್’ ಎಂದು ಹೊರಡಿ.

ನಾಲ್ಕು ವಾರದ ಅಭ್ಯಾಸ

ಮೊದಲ ವಾರ: ನಿಮ್ಮ ಐದು ವಾಕ್ಯಗಳನ್ನು ನೀವೇ ಬರೆದು, ದಿನಕ್ಕೆ ಐದು ಸಲ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲ.

ಎರಡನೆಯ ವಾರ: ನಿಮ್ಮ ಕೆಲಸಕ್ಕೆ ಸಂಬಂಧಿಸಿದ 20 ಪದ ಆರಿಸಿ. ಪ್ರತಿ ಪದಕ್ಕೂ ನಿಮ್ಮ ಜೀವನದ ಒಂದು ವಾಕ್ಯ ಬರೆಯಿರಿ. ಬರೆದ ಮರುದಿನ, ಮೂರನೆಯ ದಿನ, ಏಳನೆಯ ದಿನ ಪುಸ್ತಕ ಮುಚ್ಚಿ ಹೇಳಿ ನೋಡಿ. ಒಂದೇ ದಿನ ಇಪ್ಪತ್ತು ಸಲ ಓದುವುದಕ್ಕಿಂತ ಇದು ಹೆಚ್ಚು ಉಳಿಯುತ್ತದೆ.

ಮೂರನೆಯ ವಾರ: ಮೊಬೈಲಿನಲ್ಲಿ ನಿಮ್ಮ ಉತ್ತರಗಳನ್ನು ಧ್ವನಿಮುದ್ರಿಸಿ ಕೇಳಿ. ಮೊದಲ ದಿನ ನಿಮ್ಮ ದನಿ ನಿಮಗೇ ಇಷ್ಟವಾಗುವುದಿಲ್ಲ. ಎಲ್ಲರಿಗೂ ಹಾಗೆಯೇ. ಎಲ್ಲಿ ನಿಲ್ಲುತ್ತೀರಿ, ಎಲ್ಲಿ ನುಂಗುತ್ತೀರಿ ಎಂದು ಗುರುತು ಹಾಕಿಕೊಳ್ಳಿ.

ನಾಲ್ಕನೆಯ ವಾರ: ನಿಮಗೆ ಪರಿಚಯವಿಲ್ಲದವರ ಮುಂದೆ ಹೇಳಿ. ಗೆಳೆಯರ ಮುಂದೆ ಬರುವ ಮಾತು ಅಪರಿಚಿತರ ಮುಂದೆ ಬರದಿರುವುದೇ ಸಂದರ್ಶನದ ಕಷ್ಟ.

ತಂದೆತಾಯಂದಿರಲ್ಲಿ, ದಾನಿಗಳಲ್ಲಿ ವಿನಂತಿ

ತಂದೆತಾಯಂದಿರೇ, ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಈ ಪುಟ ಹಿಡಿದು ಪ್ರಶ್ನೆ ಓದಿ, ಮಗು ಉತ್ತರಿಸುವವರೆಗೆ ಕಾಯಿರಿ. ತಡವರಿಸಿದರೆ ನಗಬೇಡಿ, ಇಂಗ್ಲಿಷ್ ಶಾಲೆಗೆ ಹೋದ ನೆಂಟರ ಮಕ್ಕಳೊಡನೆ ಹೋಲಿಸಬೇಡಿ. ರಾತ್ರಿ ಊಟದ ನಂತರ ಹತ್ತು ನಿಮಿಷ ಸಾಕು.

ಅಂತಿಮ ವರ್ಷದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಟ್ರಸ್ಟಿನ ಕಚೇರಿಗೆ ಬರುವಾಗ ತಮ್ಮ ಐದು ವಾಕ್ಯಗಳನ್ನು ಕಲಿತು ಬರಲಿ. ಅದಕ್ಕೆ ಅಂಕವಿಲ್ಲ, ತಪ್ಪಿದರೆ ಅರ್ಜಿ ತಿರಸ್ಕರಿಸುವುದೂ ಇಲ್ಲ. ಅಪರಿಚಿತರ ಮುಂದೆ ಮಾತಾಡುವ ಮೊದಲ ಅವಕಾಶ ನಮ್ಮಲ್ಲೇ ಆಗಲಿ ಎಂಬುದಷ್ಟೇ ಉದ್ದೇಶ.

ದಾನಿಗಳಲ್ಲಿ ಈ ಸಲ ಹಣದ ಜೊತೆ ಇನ್ನೊಂದನ್ನು ಕೇಳುತ್ತೇವೆ. ನಿಮ್ಮಲ್ಲಿ ಅಂಗಡಿ, ಕಚೇರಿ, ಆಸ್ಪತ್ರೆ, ಕಾರ್ಖಾನೆ ನಡೆಸುವವರಿದ್ದೀರಿ, ಕೆಲಸಕ್ಕೆ ಜನರನ್ನು ಆರಿಸಿ ಅನುಭವವಿರುವವರಿದ್ದೀರಿ. ತಿಂಗಳಲ್ಲಿ ಒಂದು ಭಾನುವಾರ ಒಂದು ಗಂಟೆ ನಮ್ಮ ತರಗತಿಗೆ ಬಂದು ಮೇಜಿನಾಚೆ ಕುಳಿತು, ಈ ಮಕ್ಕಳನ್ನು ನಿಜವಾದ ಸಂದರ್ಶನದಲ್ಲಿ ಕೇಳುವಂತೆಯೇ ಕೇಳಿ. ಬಿಗಿಯಾಗಿಯೇ ಕೇಳಿ. ನಮ್ಮ ಮುಖ ನೋಡಿ ನೋಡಿ ಅವರಿಗೆ ಭಯ ಹೋಗಿಬಿಟ್ಟಿದೆ. ನಾವು ಎಷ್ಟು ಗಂಭೀರವಾಗಿ ಕುಳಿತರೂ ನಾವು ಅವರ ಮೇಷ್ಟ್ರೇ. ಬರಲು ಒಪ್ಪುವವರು ಟ್ರಸ್ಟಿನ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇವೆ.